ಬೆರಳ ತುದಿಯಲ್ಲೊಂದು ಗಿಡ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಂತ ನೀರಿನ ಮೇಲೆ ಹಸಿರು ಹೊದಿಕೆ ಹಾಸಿದ್ದನ್ನು ನೀವೂ ನೋಡಿರುತ್ತೀರಿ. "ಪಾಚಿ ಕಟ್ಟಿದೆ" ಅಂದುಕೊಂಡು ಮುಂದೆ ಹೋಗುತ್ತೇವೆ, ಅಲ್ವಾ? ಮುಂದಿನ ಸಲ ಸ್ವಲ್ಪ ಬಗ್ಗಿ, ಒಂದು ಬೆರಳು ಅದ್ದಿ ತೆಗೆಯಿರಿ. ಪಾಚಿಯಾದರೆ ಲೋಳೆಲೋಳೆಯಾಗಿ, ಎಳೆಎಳೆಯಾಗಿ ಅಂಟುತ್ತದೆ. ಹಾಗಲ್ಲದೆ ಎಳ್ಳಿನಷ್ಟು ಪುಟ್ಟ ಹಸಿರು ಬಿಲ್ಲೆಗಳು ಬಿಡಿಬಿಡಿಯಾಗಿ ಬೆರಳಿಗೆ ಬಂದರೆ, ಒಂದೊಂದರ ಕೆಳಗೂ ಕೂದಲಿನಂಥ ಬೇರು ಜೋತಾಡುತ್ತಿದ್ದರೆ, ಅದು ಹೂ ಬಿಡುವ ಗಿಡ. ಹೆಸರು ಡಕ್‌ವೀಡ್. ಬಾತುಕೋಳಿಗಳಿಗೆ ಇಷ್ಟವಾದ ಕಳೆ ಅನ್ನುವ ಅರ್ಥದ ಹೆಸರು. ಜರ್ಮನ್, ಫ್ರೆಂಚ್ ಮಾತಾಡುವವರು ಇದನ್ನು 'ನೀರಿನ ಮಸೂರ ಕಾಳು' ಅನ್ನುತ್ತಾರೆ. ನನ್ನನ್ನು ಕೇಳಿದರೆ, ಕಳೆ ಅನ್ನುವುದಕ್ಕಿಂತ ಕಾಳು ಅಂದರೇನೇ ಚೆಂದ.

ಇದರ ನೆಂಟರು ಯಾರು ಗೊತ್ತೇ? ಕೆಸು, ಸುವರ್ಣಗೆಡ್ಡೆ. ಆನೆಕಿವಿಯಂಥ ಎಲೆಯ ಕೆಸುವೂ ಈ ಚುಕ್ಕೆಯೂ ಒಂದೇ ಮನೆತನ. ಡಕ್‌ವೀಡ್‌ನಲ್ಲಿ ಸುಮಾರು 36 ಜಾತಿಗಳಿವೆ. ದೊಡ್ಡಣ್ಣ ಸ್ಪೈರೊಡೆಲಾ. ದೊಡ್ಡದು ಅಂದರೂ 1 ಸೆಂಟಿಮೀಟರ್ ಅಷ್ಟೇ, ಕೆಳಗೆ ಬೇರುಗಳ ಗೊಂಚಲು. ಲೆಮ್ನಾಗೆ ಒಂದೇ ಬೇರು. ವುಲ್ಫಿಯಾಗೆ ಬೇರೇ ಇಲ್ಲ. ಅದು 1 ಮಿಲಿಮೀಟರ್‌ಗಿಂತ ಚಿಕ್ಕದು, ಹಸಿರು ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಪ್ರಪಂಚದ ಅತಿ ಚಿಕ್ಕ ಹೂಗಿಡ ಇದೇ. ನೆತ್ತಿಯ ಮೇಲೊಂದು ಗುಳಿ, ಗುಳಿಯೊಳಗೆ ಒಂದು ಕೇಸರ, ಒಂದು ಅಂಡಾಶಯ. ಹೂವೆಂದರೆ ಅಷ್ಟೇ. ದಳವೂ ಇಲ್ಲ, ಬಣ್ಣವೂ ಇಲ್ಲ.

ಹೂ ಬಿಡುವುದು ಮಾತ್ರ ಅಪರೂಪ. ಸಂಸಾರ ಬೆಳೆಯುವುದು ಬೇರೆ ದಾರಿಯಲ್ಲಿ. ಒಂದು ಲೆಮ್ನಾ ಬಿಲ್ಲೆಯನ್ನು ಲೆನ್ಸ್ ಹಿಡಿದು ನೋಡಿ. ಅಂಚಿನಲ್ಲಿ ಪುಟ್ಟ ಜೇಬಿನಂಥ ಸೀಳು ಇರುತ್ತದೆ. ಅದರೊಳಗಿಂದ ಮರಿ ಬಿಲ್ಲೆ ಇಣುಕುತ್ತಾ ಹೊರಬರುತ್ತದೆ. ಆ ಮರಿ ಪೂರ್ತಿ ಹೊರಬರುವ ಮೊದಲೇ ಅದರ ಜೇಬಿನಲ್ಲಿ ಇನ್ನೊಂದು ಮರಿಯ ಮೊಳಕೆ ಕೂತಿರುತ್ತದೆ. ತಾಯಿಯ ಹೊಟ್ಟೆಯಲ್ಲಿ ಮಗಳು, ಮಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು! ಹೊಂದುವ ಬಿಸಿಲು, ನೀರು, ಗೊಬ್ಬರ ಸಿಕ್ಕರೆ ಎರಡು ಮೂರು ದಿನಕ್ಕೆ ಸಂಖ್ಯೆ ದುಪ್ಪಟ್ಟು. ವುಲ್ಫಿಯಾ ಮೈಕ್ರೋಸ್ಕೋಪಿಕಾ ಅನ್ನುವ ಜಾತಿಗೆ ಸುಮಾರು 30 ಗಂಟೆ ಸಾಕು. ಎರಡು ದಿನಕ್ಕೊಮ್ಮೆ ದುಪ್ಪಟ್ಟಾದರೆ ಹತ್ತು ಬಿಲ್ಲೆ 20 ದಿನಕ್ಕೆ ಎಷ್ಟಾಗುತ್ತದೆ, ಲೆಕ್ಕ ಹಾಕಿ. 10,240!

ಇಷ್ಟು ಅವಸರ ಹೇಗೆ ಸಾಧ್ಯ? ಖರ್ಚು ಕಮ್ಮಿ, ಅದಕ್ಕೆ. ನೀರೇ ಹೊತ್ತುಕೊಂಡಿರುವಾಗ ಗಟ್ಟಿ ಕಾಂಡ ಬೇಡ. ತೇಲುವುದಕ್ಕೆ ಒಳಗೆ ಗಾಳಿಗೂಡುಗಳಿವೆ. ಉಸಿರಾಡುವ ರಂಧ್ರಗಳು ಮೇಲ್ಮೈಯಲ್ಲಿ. ಬಿಲ್ಲೆಯ ತಳಭಾಗವೇ ನೀರಿನಿಂದ ಊಟ ಹೀರಿಕೊಳ್ಳುತ್ತದೆ. ಹಾಗಾದರೆ ಬೇರು ಯಾಕೆ ಅಂತ ಕೇಳಬೇಡಿ, ಅದರ ಮೇಲೆ ಅಷ್ಟಾಗಿ ಅವಲಂಬನೆಯಿಲ್ಲ.

ಆದರೂ ಆ ಬೇರು ಒಂದು ಸುದ್ದಿ ಹೇಳುತ್ತದೆ. ನಾನು ಸುಮ್ನೆ ನೋಡೋಣ ಅಂತ ಎರಡು ಗಾಜಿನ ಲೋಟದಲ್ಲಿ ಲೆಮ್ನಾ ಬಿಟ್ಟೆ. ಒಂದರಲ್ಲಿ ಮೀನಿನ ತೊಟ್ಟಿಯ ಹಳೇ ನೀರು, ಇನ್ನೊಂದರಲ್ಲಿ ಬರೀ ಶುದ್ಧ ನೀರು. ಮೊದಲನೆಯದು ಗಾಢ ಹಸಿರು, ಗಿಡ್ಡ ಬೇರು. ಎರಡನೆಯದು ಬಿಳಿಚಿಕೊಂಡು, ಬೇರನ್ನು ಉದ್ದಕ್ಕೆ ಇಳಿಬಿಟ್ಟಿತ್ತು. ಹೊಟ್ಟೆಗಿಲ್ಲದಾಗ ಬೇರು ಊಟ ಹುಡುಕುತ್ತಾ ಕೆಳಗಿಳಿಯುತ್ತದೆ. ಇದರ ಸಾಕಣೆ ಮಾಡುವವರು ಬೇರಿನ ಉದ್ದ ನೋಡಿಯೇ ನೀರಿನ ಕಸುವು ಅಂದಾಜು ಮಾಡಬಹುದು.

ಚಳಿ ದೇಶಗಳಲ್ಲಿ ಸ್ಪೈರೊಡೆಲಾ ಇನ್ನೊಂದು ಉಪಾಯ ಮಾಡುತ್ತದೆ. ಚಳಿ ಬರುವ ಮೊದಲು ಪಿಷ್ಟ ತುಂಬಿದ ಗಟ್ಟಿ ಮೊಗ್ಗು ಕಟ್ಟುತ್ತದೆ. ಅದು ಭಾರಕ್ಕೆ ಮುಳುಗಿ ತಳದ ಕೆಸರಿನಲ್ಲಿ ಮಲಗುತ್ತದೆ. ಬೆಚ್ಚಗಾದಾಗ ಮೇಲೆದ್ದು ಬರುತ್ತದೆ. ಊರಿಂದೂರಿಗೆ ಹೋಗಲು ಹಕ್ಕಿಗಳ ಕಾಲು, ಗರಿ ಇದ್ದೇ ಇವೆ.

ಅಲ್ಲಲ್ಲಿ ತೇಲುತ್ತಿದ್ದರೆ ಮೀನುಮರಿಗೆ ನೆರಳು, ಬಸವನಹುಳುವಿಗೆ ಊಟ. ಪೂರ್ತಿ ಮುಚ್ಚಿದರೆ ಕಥೆಯೇ ಬೇರೆ. ಬೆಳಕು ಇಳಿಯದೆ ತಳದ ಗಿಡಗಳು ಸಾಯುತ್ತವೆ, ಕೊಳೆಯುತ್ತವೆ, ಆಮ್ಲಜನಕ ಕುಸಿದು ಮೀನುಗಳು ಒದ್ದಾಡುತ್ತವೆ. 2004ರಲ್ಲಿ ವೆನೆಜುವೆಲಾದ ಮರಕೈಬೋ ಸರೋವರದ ದೊಡ್ಡ ಭಾಗವನ್ನೇ ಲೆಮ್ನಾ ಆವರಿಸಿತ್ತು. ಆಗ ಬೈಯ್ಯಬೇಕಾದ್ದು ಗಿಡವನ್ನೋ, ಅದರ ಊಟವಾದ ಸಾರಜನಕ, ರಂಜಕವನ್ನು ನೀರಿಗೆ ಸುರಿದವರನ್ನೋ?

ಈ ಹೊಟ್ಟೆಬಾಕತನವೇ ಕೆಲಸಕ್ಕೆ ಬರುತ್ತದೆ. ಕೊಳಚೆ ನೀರಿನ ಸಾರಜನಕ, ರಂಜಕವನ್ನು ಗಿಡ ಮೈಗೂಡಿಸಿಕೊಳ್ಳುತ್ತದೆ. ಬಾಂಗ್ಲಾದೇಶದ ಮಿರ್ಜಾಪುರದಲ್ಲಿ ಒಂದು ಆಸ್ಪತ್ರೆ ಸಮುಚ್ಚಯದ ಕೊಳಚೆಯನ್ನು ಹೀಗೆ ತಿಳಿಯಾಗಿಸಿ, ತೆಗೆದ ಡಕ್‌ವೀಡನ್ನು ಮೀನಿಗೆ ಹಾಕಿ ಸಾಕಿದರು. ಚೆನ್ನಾಗಿ ಬೆಳೆದ ಗಿಡದ ಒಣತೂಕದಲ್ಲಿ 30ರಿಂದ 40 ಶೇಕಡಾ ಪ್ರೋಟೀನ್ ಇರಬಹುದು. ಥಾಯ್ಲೆಂಡ್‌ನಲ್ಲಿ ವುಲ್ಫಿಯಾವನ್ನು ಜನರೇ ತಿನ್ನುತ್ತಾರೆ. 'ಖಾಯ್ ನಾಮ್', ಅಂದರೆ ನೀರಿನ ಮೊಟ್ಟೆ, ಅಂತ ಹೆಸರು.

ಒಂದು ಎಚ್ಚರ. ಈ ಗಿಡ ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರಿ ಇಟ್ಟುಕೊಳ್ಳುತ್ತದೆ. ಕಾರ್ಖಾನೆ ನೀರಿನಲ್ಲಿ ಬೆಳೆದದ್ದನ್ನು ಮೀನಿಗೂ ಹಾಕಬೇಡಿ, ಕೋಳಿಗೂ ಹಾಕಬೇಡಿ. ವಿಷಕ್ಕೆ ಬೇಗ ಸೊರಗುವುದರಿಂದಲೇ ಲೆಮ್ನಾವನ್ನು ಪ್ರಯೋಗಾಲಯಗಳಲ್ಲಿ ಏಳು ದಿನ ಬೆಳೆಸಿ, ಬಿಲ್ಲೆ ಎಣಿಸಿ, ರಾಸಾಯನಿಕಗಳನ್ನು ಪರೀಕ್ಷೆ ಮಾಡುತ್ತಾರೆ.

ಇನ್ನು ಸಾಕುವವರಿಗೆ ಎರಡು ಮಾತು. ಹಸಿ ಗಿಡದಲ್ಲಿ 90 ಶೇಕಡಾಕ್ಕೂ ಜಾಸ್ತಿ ನೀರೇ ಇರುವುದರಿಂದ, ಬುಟ್ಟಿ ತುಂಬ ಒಣಗಿಸಿದರೆ ಸಿಗುವುದು ಒಂದೆರಡು ಹಿಡಿ. ಅದಕ್ಕೆ ಹಸಿಯಾಗಿಯೇ ಮೀನಿಗೆ ಹಾಕುವುದು ಸಲೀಸು. ಗಾಳಿ ಬೀಸಿದರೆ ಎಲ್ಲಾ ಒಂದೇ ಮೂಲೆಗೆ ಗುಡ್ಡೆಯಾಗುತ್ತದೆ. ಹಾಗಾಗದಂತೆ ಬಿದಿರು ತೇಲಿಬಿಟ್ಟು ಅಂಕಣ ಮಾಡಿ. ಕೊಯ್ಯುವುದನ್ನು ಮರೆತರೆ ಸತ್ತ ಬಿಲ್ಲೆಗಳು ಕೊಳೆತು, ಹೀರಿದ್ದೆಲ್ಲ ಮತ್ತೆ ನೀರಿಗೇ ಸೇರುತ್ತದೆ. ಹಾಗಂತ ಆಸೆಬಿದ್ದು ಒಂದೇ ಸಲಕ್ಕೆ ಬಾಚಲೂಬೇಡಿ. ತೆರೆದ ನೀರಿಗೆ ಬಿಸಿಲು ಬಿದ್ದರೆ ಅಲ್ಲಿ ಬಂದು ಕೂರುವುದು ನಿಜವಾದ ಪಾಚಿ.

ನಮಸ್ಕಾರ.