ಕೋಳಿಗೆ ಮೆತ್ತುವ ಪುಡಿ: ಪ್ಯಾಕೆಟ್‌ನದಾ, ಮನೆಯದಾ?

ನಮಸ್ಕಾರ ಕೇಳುಗರೇ. ಮಂಡ್ಯ ಕಡೆ ಕೋಳಿ ಅಂದರೆ ನಾಟಿ ಕೋಳಿ ಸಾರು, ಮುದ್ದೆ, ಅಲ್ಲಿಗೆ ಮಾತು ಮುಗಿಯಿತು. ಆದರೆ ಈಗ ಎಷ್ಟೋ ಮನೆಗಳಿಗೆ ಸಣ್ಣದೊಂದು ಓಟಿಜಿ, ಅಂದರೆ ಕರೆಂಟ್ ಓವನ್, ಬಂದಿದೆ, ಮಕ್ಕಳು ಗರಿಗರಿ ಚಿಕನ್ ಬೇಕು ಅಂತ ಹಟ ಮಾಡುತ್ತಾರೆ, ದೊಡ್ಡವರಿಗೆ ಬಾಣಲೆ ತುಂಬ ಎಣ್ಣೆ ಸುರಿದು ಕರಿಯೋಕೆ ಮನಸ್ಸಿಲ್ಲ. ಹಾಗಾದರೆ ಮೇಲೆ ಮೆತ್ತುವ ಬ್ರೆಡ್ ಪುಡಿಯನ್ನು ಅಂಗಡಿಯಿಂದ ತರೋದಾ, ಮನೆಯಲ್ಲೇ ಮಾಡೋದಾ? ಮನೆಯಲ್ಲೇ ಮಾಡಿ ಅಂತ ನಾನು ಹೇಳುತ್ತೇನೆ. ಆದರೆ ಪ್ಯಾಕೆಟ್‌ನವರಿಗೆ ಗೊತ್ತಿರುವ ಒಂದು ಕೆಲಸವನ್ನು ಕಲಿತುಕೊಂಡು ಮಾಡಿ.

ಅಮೆರಿಕದಲ್ಲಿ ಜನರಲ್ ಫುಡ್ಸ್ ಕಂಪನಿ 1965ರಲ್ಲಿ ಶೇಕ್ ಎನ್ ಬೇಕ್ ಅನ್ನುವ ಪುಡಿ ತಂದಿತು. ಪುಡಿ ಜೊತೆಗೇ ಒಂದು ಚೀಲ. ಹಸಿ ಕೋಳಿಯನ್ನು ಅದರೊಳಗೆ ಹಾಕಿ ಅಲ್ಲಾಡಿಸಿ ಓವನ್‌ಗೆ ಇಟ್ಟರೆ ಆಯಿತು. ಈಗ ನಮ್ಮ ಅಂಗಡಿಗಳಲ್ಲೂ ಇಂಥ ಪುಡಿಗಳು ಸಿಗುತ್ತವೆ. ಪ್ಯಾಕೆಟ್ ಅಂದ ಕೂಡಲೇ ಮೂಗು ಮುರಿಯಬೇಕಿಲ್ಲ, ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ನಮ್ಮ ಮೈಸೂರಲ್ಲೇ ಇದೆಯಲ್ವಾ! ಸುಮ್ನೆ ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ಯಾವುದರ ತೂಕ ಜಾಸ್ತಿಯೋ ಅದರ ಹೆಸರು ಮೊದಲು ಇರುತ್ತದೆ. ಉಪ್ಪು ಎಷ್ಟು ಮೇಲಿದೆ ನೋಡಿ. ಸೋಡಿಯಂ ಅಂತ ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ, 400 ಮಿಲಿಗ್ರಾಂ ಸೋಡಿಯಂ ಅಂದರೆ ಒಂದು ಗ್ರಾಂ ಉಪ್ಪು. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆರೆಸಿಟ್ಟ ಉಪ್ಪನ್ನು ನಾವು ಹೊರಗೆ ತೆಗೆಯೋಕಾಗಲ್ಲ, ಪ್ಯಾಕೆಟ್ ಮೇಲೆ ನನ್ನ ದೊಡ್ಡ ತಕರಾರು ಇದೇ.

ಇನ್ನು ಪ್ಯಾಕೆಟ್‌ನವರಿಗೆ ಗೊತ್ತಿರುವ ಆ ಕೆಲಸ ಯಾವುದು ಅಂತ. ಕರಿಯುವಾಗ ಕಾದ ಎಣ್ಣೆ ಸುತ್ತಲೂ ತಾಗಿ ಪುಡಿ ಕೆಂಪಗಾಗುತ್ತದೆ. ಓವನ್‌ನಲ್ಲಿ ಇರುವುದು ಬರೀ ಬಿಸಿ ಗಾಳಿ. ಹಸಿ ಬ್ರೆಡ್ ಪುಡಿ ಮೆತ್ತಿ ಇಟ್ಟರೆ ಪುಡಿಗೆ ಬಣ್ಣ ಬರುವಷ್ಟರಲ್ಲಿ ಒಳಗಿನ ಮಾಂಸ ಒಣಗಿ ನಾರಾಗಿರುತ್ತದೆ. ಅದಕ್ಕೇ ಪುಡಿಯನ್ನು ಮೊದಲೇ ಎಣ್ಣೆ ಹಾಕಿ ಹುರಿಯಬೇಕು. ಅಷ್ಟೇ ಗುಟ್ಟು.

ಎರಡು ದಿನದ ಹಳೆಯ ಬ್ರೆಡ್ಡನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ. ಸ್ವೀಟ್ ಬ್ರೆಡ್, ರಸ್ಕ್ ಬೇಡ, ಸಕ್ಕರೆ ಬೇಗ ಸೀದುಹೋಗುತ್ತದೆ. ಎರಡು ಕಪ್ ಪುಡಿಗೆ ಎರಡು ದೊಡ್ಡ ಚಮಚ ಕಡ್ಲೆಕಾಯಿ ಎಣ್ಣೆ, ಅಷ್ಟೇ ಅಕ್ಕಿ ಹಿಟ್ಟು ಹಾಕಿ, ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಕೈ ಬಿಡದೆ ಹುರಿಯಿರಿ. ಅಕ್ಕಿ ಹಿಟ್ಟು ಗರಿಗರಿಗೆ. ಆರಿದ ಮೇಲೆ ಉಪ್ಪು, ಕಾಳುಮೆಣಸು, ಬ್ಯಾಡಗಿ ಮೆಣಸಿನಕಾಯಿ ಪುಡಿ. ಬ್ಯಾಡಗಿಯಲ್ಲಿ ಖಾರ ಕಮ್ಮಿ, ಬಣ್ಣ ಜಾಸ್ತಿ. ರಾಗಿ ಹಿಟ್ಟು ಬೆರೆಸೋಣ ಅನ್ನಿಸಿದರೆ ಬೇಡ, ಕಪ್ಪಗಾಗಿದ್ದು ರಾಗಿಯೋ ಸೀದದ್ದೋ ತಿಳಿಯುವುದಿಲ್ಲ.

ಕೋಳಿ ಬ್ರಾಯ್ಲರ್ ಇರಲಿ. ನಾಟಿ ಕೋಳಿ ಇಷ್ಟು ಹೊತ್ತಿಗೆ ಮೆತ್ತಗಾಗಲ್ಲ, ಅದನ್ನು ಸಾರಿಗೇ ಬಿಡಿ. ಲೆಗ್ ಪೀಸ್‌ಗಳ ನೀರು ಒರೆಸಿ, ಗಟ್ಟಿ ಮೊಸರು, ಶುಂಠಿ ಬೆಳ್ಳುಳ್ಳಿ, ಸ್ವಲ್ಪ ಉಪ್ಪು ಹಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಬೆಳ್ಳುಳ್ಳಿ ಒಳಗೇ ಇರಲಿ, ಮೇಲಿನ ಪುಡಿಗೆ ಹಾಕಿದರೆ ಸೀದು ಕಹಿಯಾಗುತ್ತದೆ. ಜಾಸ್ತಿ ಮೊಸರು ಸವರಿ ತೆಗೆದು, ಪುಡಿಯನ್ನು ಒತ್ತಿ ಮೆತ್ತಿ, ತಟ್ಟೆಯ ಬದಲು ಜಾಲರಿ ಮೇಲೆ ಜೋಡಿಸಿ, ಇಲ್ಲದಿದ್ದರೆ ಅಡಿಭಾಗ ನೆನೆದು ಮೆತ್ತಗಾಗುತ್ತದೆ. ಮೊದಲೇ ಕಾದ ಓವನ್, 200 ಡಿಗ್ರಿ, ಸುಮಾರು 40 ನಿಮಿಷ.

ಇಲ್ಲೊಂದು ಎಚ್ಚರ. ಪುಡಿ ಮೊದಲೇ ಹುರಿದಿರುವುದರಿಂದ ಬಣ್ಣ ನೋಡಿ ಬೆಂದಿದೆ ಅನ್ನೋಕಾಗಲ್ಲ. ಮೂಳೆಗೆ ತಾಗದ ಹಾಗೆ ದಪ್ಪ ಭಾಗಕ್ಕೆ ಅಡುಗೆ ಥರ್ಮಾಮೀಟರ್ ಚುಚ್ಚಿ, 74 ಡಿಗ್ರಿ ತೋರಿಸಬೇಕು. ಕೋಳಿ ಮುಟ್ಟಿದ ಪುಡಿ ಉಳಿದರೆ ಜಿಪುಣತನ ಮಾಡದೆ ಎಸೆಯಿರಿ.

ಹಾಸ್ಟೆಲಿನ ಹುಡುಗರಿಗೆ, ದಿಢೀರ್ ಅಂತ ನೆಂಟರು ಬಂದವರಿಗೆ ಪ್ಯಾಕೆಟ್ ಇರಲಿ, ಬೇಡ ಅನ್ನಲ್ಲ, ಆಗ ಮೊಸರಿಗೆ ಉಪ್ಪು ಹಾಕಬೇಡಿ. ಮನೆಯ ಪುಡಿಯಲ್ಲಿ ಎಣ್ಣೆ ಇರುವುದರಿಂದ ಹೊರಗಿಟ್ಟರೆ ಕಮಟು ವಾಸನೆ ಬರುತ್ತದೆ. ಕೋಳಿ ಮುಟ್ಟದ ಪುಡಿಯನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಆಲೂಗಡ್ಡೆ ಕಟ್ಲೆಟ್‌ಗೂ ಆಗುತ್ತದೆ. ನಮಸ್ಕಾರ.