ಫ್ಯಾನ್ ಕಂಡೆನ್ಸರ್ ಒಳಗೆ ಕರೆಂಟ್ ಹೇಗೆ ದಾಟುತ್ತದೆ?

[ಅಂಗೈ ಮೇಲೆ ಕಂಡೆನ್ಸರ್, ತೀರಾ ಹತ್ತಿರದಿಂದ]

ನಮಸ್ಕಾರ. ಫ್ಯಾನ್ ನಿಧಾನವಾದಾಗ ಎಲೆಕ್ಟ್ರಿಷಿಯನ್ ಬದಲಾಯಿಸಿ ಹೋಗುತ್ತಾರಲ್ಲ, ಆ ಕಂಡೆನ್ಸರ್ ಇದು. ಮೇಲೆ 2.5 ಮೈಕ್ರೋಫ್ಯಾರಡ್ ಅಂತ ಬರೆದಿದೆ. ಒಳಗಿರುವುದು ಲೋಹ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿ. ಪ್ಲಾಸ್ಟಿಕ್ಕಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೂ ಇದಕ್ಕೆ 230 ವೋಲ್ಟ್, 50 ಹರ್ಟ್ಸ್ ಎಸಿ ಕೊಟ್ಟರೆ ಎರಡೂ ವೈರುಗಳಲ್ಲಿ ಸುಮಾರು 0.18 ಆಂಪಿಯರ್ ಇರುತ್ತದೆ!

ವೈರಿನ ಮಟ್ಟಿಗೆ ಉತ್ತರ ಸುಲಭ. ಒಂದು ಕಡೆ ಎಲೆಕ್ಟ್ರಾನ್ ತುಂಬಿಕೊಳ್ಳುತ್ತವೆ, ಇನ್ನೊಂದು ಕಡೆಯಿಂದ ಹೊರಡುತ್ತವೆ. ಸೆಕೆಂಡಿಗೆ 50 ಸಲ ಹೋಗಿಬರುವ ಆಟ. ನಡುವಿನ ಗೋಡೆಯನ್ನು ಯಾರೂ ದಾಟುವುದಿಲ್ಲ.

ತಲೆಬಿಸಿ ಶುರುವಾಗುವುದು ಕರೆಂಟ್ ತನ್ನ ಸುತ್ತ ಹುಟ್ಟಿಸುವ ಕಾಂತಕ್ಷೇತ್ರದ ಲೆಕ್ಕದಲ್ಲಿ.

[ಟೀ ಸೋಸುವ ಬಟ್ಟೆ, ನಡುವೆ ವೈರ್]

ಟೀ ಅಂಗಡಿಯ ಸೋಸುವ ಬಟ್ಟೆ ನೋಡಿದ್ದೀರಲ್ಲ, ತಂತಿಯ ಬಳೆಗೆ ಹೊಲಿದದ್ದು. ಆಂಪಿಯರ್ ನಿಯಮ ಹೇಳುವುದಿಷ್ಟು: ಬಟ್ಟೆಯನ್ನು ತೂರಿ ಹೋಗುವ ಕರೆಂಟ್ ಗೊತ್ತಾದರೆ, ಬಳೆಯ ಸುತ್ತಲಿನ ಕಾಂತಕ್ಷೇತ್ರದ ಲೆಕ್ಕ ಸಿಗುತ್ತದೆ. ಬಟ್ಟೆ ಬಿಗಿಯಾಗಿದ್ದರೆ ವೈರ್ ಅದನ್ನು ತೂರುತ್ತದೆ, ಕರೆಂಟ್ ಇದೆ. ಅದೇ ಬಟ್ಟೆ ಚೀಲದಂತೆ ಇಳಿಬಿದ್ದು, ಕಂಡೆನ್ಸರಿನ ಒಂದು ತಟ್ಟೆಯನ್ನು, ಅಂದರೆ ಒಂದು ಕಡೆಯ ಲೋಹದ ಪದರವನ್ನು, ಒಳಗೆ ಹಾಕಿಕೊಂಡು, ಎರಡು ತಟ್ಟೆಗಳ ಸಂದಿಯಲ್ಲಿ ಹಾದುಹೋದರೆ? ಏನೂ ತೂರುವುದಿಲ್ಲ. ಕರೆಂಟ್ ಸೊನ್ನೆ. ಬಳೆ ಒಂದೇ, ಉತ್ತರ ಎರಡು. ನಿಯಮದಲ್ಲೇ ಏನೋ ಬಿಟ್ಟುಹೋಗಿದೆ, ಅಲ್ವಾ?

ಆ ಸಂದಿಯಲ್ಲಿ ವಿದ್ಯುತ್ ಕ್ಷೇತ್ರವಿದೆ, ಅದು ಕ್ಷಣಕ್ಷಣಕ್ಕೂ ಏರಿಳಿಯುತ್ತಿದೆ. ಬಟ್ಟೆಯನ್ನು ಹಾಯುವ ಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೋ ಅದನ್ನು ಆಂಪಿಯರಿನಲ್ಲಿ ಲೆಕ್ಕ ಹಾಕಿ. ಅದೇ 0.18 ಬರುತ್ತದೆ! ಕಾಂತಕ್ಷೇತ್ರ ಹುಟ್ಟಿಸುವುದಕ್ಕೆ ಇದೂ ಕರೆಂಟಿನಷ್ಟೇ ಸಾಕು. ಪ್ಲಾಸ್ಟಿಕ್ ತೆಗೆದು ನಿರ್ವಾತ ಇಟ್ಟರೆ ಆಂಪಿಯರ್ ಕಡಿಮೆಯಾದೀತು, ಕಥೆ ಬದಲಾಗದು. ಡಿಸಿ ಕೊಟ್ಟರೆ? ಒಮ್ಮೆ ಚಾರ್ಜ್ ಆದ ಮೇಲೆ ಕ್ಷೇತ್ರ ಸುಮ್ನೆ ನಿಲ್ಲುತ್ತದೆ. ವೈರಿನಲ್ಲೂ ಸೊನ್ನೆ, ಸಂದಿಯಲ್ಲೂ ಸೊನ್ನೆ.

ಇದೇ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್, ಅಂದರೆ 'ಸರಿಯುವಿಕೆಯ' ಕರೆಂಟ್. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1861–62ರಲ್ಲಿ ಇದನ್ನು ಆಂಪಿಯರ್ ನಿಯಮಕ್ಕೆ ಸೇರಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಜಾಗವೆಲ್ಲ ತುಂಬಿರುವ, ಎಳೆದರೆ ಸರಿಯುವ ಈಥರ್ ಎಂಬ ಊಹೆಯ ವಸ್ತು. ಈಥರ್ ಹೋಯಿತು, ಹೆಸರು ಉಳಿಯಿತು. ನನ್ನ ಪ್ರಕಾರ ಪಿಯುಸಿ ಮಕ್ಕಳನ್ನು ವಿಷಯಕ್ಕಿಂತ ಜಾಸ್ತಿ ಕಾಡುವುದು ಈ ಹೆಸರೇ.

ಬದಲಾಗುವ ಕಾಂತಕ್ಷೇತ್ರ ವಿದ್ಯುತ್ ಕ್ಷೇತ್ರ ಹುಟ್ಟಿಸುತ್ತದೆ ಅಂತ ಫ್ಯಾರಡೆ ಮೊದಲೇ ತೋರಿಸಿದ್ದರು. ಈಗ ಉಲ್ಟಾನೂ ಸಿಕ್ಕಿತು. ಒಂದು ಇನ್ನೊಂದನ್ನು ಹುಟ್ಟಿಸುತ್ತಾ ವೈರೇ ಇಲ್ಲದೆ ಅಲೆಯಾಗಿ ಹೋಗಬಹುದು. ಅದರ ವೇಗ, ಆಗಿನ ಅಳತೆಗಳ ಪ್ರಕಾರ, ಸೆಕೆಂಡಿಗೆ ಸುಮಾರು 3,10,700 ಕಿ.ಮೀ. ಫ್ರಾನ್ಸಿನ ವಿಜ್ಞಾನಿ ಫಿಜೋ ಅಳೆದಿದ್ದ ಬೆಳಕಿನ ವೇಗ ಸುಮಾರು 3,14,900. ಬೆಳಕೂ ಇಂಥ ಅಲೆಯೇ ಅಂತ ಮ್ಯಾಕ್ಸ್‌ವೆಲ್‌ಗೆ ಹೊಳೆದದ್ದು ಇಲ್ಲಿ.

[ಕತ್ತಲೆ ಕೋಣೆ, ಸಣ್ಣ ಕಿಡಿ]

1887–88ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹರ್ಟ್ಸ್ ಅಂಥ ಅಲೆಯನ್ನು ಹೊರಡಿಸಿದರು. ದೂರದಲ್ಲಿದ್ದ ತಂತಿಯ ಬಳೆಯ ಬಿರುಕಿನಲ್ಲಿ ಪುಟ್ಟ ಕಿಡಿ ಹಾರಿತು. ನಿಮ್ಮ ಫ್ಯಾನಿನ ಮೇಲಿರುವ 50 ಹರ್ಟ್ಸ್, ಅವರದೇ ಹೆಸರು.