ಸೀಟಿ ನನ್ನ ಬಾಯಲ್ಲೇ ಇತ್ತು

ಕೇಳುಗರಿಗೆಲ್ಲ ನಮಸ್ಕಾರ. ಭಾಷಣ ಮಾಡಿ ನನಗೆ ಅಭ್ಯಾಸ ಇಲ್ಲ. 29 ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. "ಒಳಗೆ ನಡೀರಿ, ಒಳಗೆ ಜಾಗ ಇದೆ", "ಚಿಲ್ಲರೆ ಕೊಡಿ", "ರೈಟ್ ರೈಟ್", ಇಷ್ಟರಲ್ಲೇ ನನ್ನ ಮಾತು ಮುಗಿಯುತ್ತಿತ್ತು. ಲೈಂಗಿಕ ದೌರ್ಜನ್ಯ ತಡೆಯುವುದರ ಬಗ್ಗೆ ಮಾತಾಡಿ ಅಂತ ಇಲ್ಲಿನವರು ಕರೆದಾಗ, ಪೊಲೀಸರನ್ನೋ ವಕೀಲರನ್ನೋ ಕರೀರಿ, ನನಗೇನು ಗೊತ್ತು ಅಂದೆ. ನೀವು ಬಸ್ಸಿನಲ್ಲಿ ಕಂಡದ್ದನ್ನೇ ಹೇಳಿ ಅಂದರು. ಅದನ್ನೇ ಹೇಳುತ್ತೇನೆ.

ಬಹಳ ವರ್ಷದ ಹಿಂದೆ, ಬೆಳಗಿನ ಟ್ರಿಪ್ಪು. ಕಾಲೇಜು ಮಕ್ಕಳು, ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಹಾಲಿನ ಕ್ಯಾನು, ಹೂವಿನ ಬುಟ್ಟಿ. ಕಾಲಿಡಲು ಜಾಗ ಇಲ್ಲ. ಪಿಯುಸಿ ಓದುವ ಒಂದು ಹುಡುಗಿ ಬಾಗಿಲ ಹತ್ತಿರದಿಂದ ಕಂಬದ ಹತ್ತಿರಕ್ಕೆ ಬಂದಳು, ಕಂಬದಿಂದ ಡ್ರೈವರ್ ಕಡೆಗೆ ಸರಿದಳು. ಅವಳು ಸರಿದ ಕಡೆಗೆಲ್ಲ ಒಬ್ಬ ಮನುಷ್ಯನೂ ಸರಿಯುತ್ತಿದ್ದ. ವಯಸ್ಸು 50ರ ಆಸುಪಾಸು, ದಿನಾ ಬರುವವನು, ಸರಿಯಾಗಿ ಚಿಲ್ಲರೆ ಕೊಡುವವನು, ನಮಸ್ಕಾರ ಹೇಳುವವನು. ನಾನು ಎಲ್ಲಾ ನೋಡಿದೆ. ನೋಡಿ ಏನು ಮಾಡಿದೆ ಅಂದರೆ, ಟಿಕೆಟ್ ಲೆಕ್ಕದ ಹಾಳೆ, ಅಂದರೆ ವೇಬಿಲ್ಲು, ತೆಗೆದು ಬರೆಯುತ್ತಾ ಕೂತೆ. ಮುಂದಿನ ಸ್ಟೇಜ್ ಬರೋದರೊಳಗೆ ಟಿಕೆಟ್ ಮುಗಿಸಬೇಕು, ಚೆಕಿಂಗ್‌ನವರು ಹತ್ತಿದರೆ ನನ್ನ ಕಥೆ ಮುಗೀತು, ಹುಡುಗಿಯೇನೂ ಕೂಗಲಿಲ್ಲವಲ್ಲ... ನೆಪಕ್ಕೇನು ಬರವೇ?

ಅವಳು ತನ್ನ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಇಳಿದಳು. ಇಳಿದು ತಿರುಗಿ ನೋಡಿದಳು. ಅವನನ್ನಲ್ಲ, ನನ್ನನ್ನು. ಸೀಟಿ ನನ್ನ ಬಾಯಲ್ಲೇ ಇತ್ತು. ಊದಿದೆ, "ರೈಟ್" ಅಂತ.

ಮರುದಿನದಿಂದ ಅವಳು ಆ ಬಸ್ಸಿಗೆ ಬರಲಿಲ್ಲ. ಬೇರೆ ಬಸ್ಸು ಹಿಡಿದಳೋ, ಕಾಲೇಜೇ ಬಿಟ್ಟಳೋ. ಅವಳ ಜೊತೆಯವರನ್ನು ಕೇಳಬಹುದಿತ್ತು. ಕೇಳುವ ಮುಖ ನನಗೆ ಇರಲಿಲ್ಲ.

ಅದಕ್ಕೂ ಮೊದಲು ಒಂದು ವಿಷಯ ಕಂಡು ನಗುತ್ತಿದ್ದೆ. ಹೆಂಗಸರ ಬಳೆಯಲ್ಲಿ, ತಾಳಿ ಸರದಲ್ಲಿ ನಾಲ್ಕೈದು ಪಿನ್ನು ನೇತಾಡುತ್ತಿರುತ್ತವಲ್ಲ, ಅದು ಸೀರೆಗೆ ಅಂತ ತಿಳಿದಿದ್ದೆ. ಒಮ್ಮೆ ಸೊಪ್ಪು ಮಾರುವ ಅಜ್ಜಿಯೊಬ್ಬಳು ತನ್ನ ಮೊಮ್ಮಗಳಿಗೆ ಪಿನ್ನನ್ನು ಬೆರಳ ಸಂದಿಯಲ್ಲಿ ಹಿಡಿಯುವುದು ಹೇಗೆ ಅಂತ ಬಸ್ಸಲ್ಲೇ ಕೂತು ಹೇಳಿಕೊಡುತ್ತಿದ್ದಳು. ಅಂದರೆ ಅಜ್ಜಿಯ ಕಾಲದಿಂದಲೂ ಪಾಠ ಹುಡುಗಿಗೇ ನಡೆದಿದೆ. ಪಿನ್ನು ಇಟ್ಟುಕೋ, ದುಪಟ್ಟಾ ಸರಿ ಮಾಡಿಕೋ, ಕತ್ತಲಾಗೋದರೊಳಗೆ ಬಾ. ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ, ಮುಳ್ಳು ಬಟ್ಟೆ ಮೇಲೆ ಬಿದ್ದರೂ ಹರಿಯೋದು ಬಟ್ಟೆಯೇ ಅಂತ ಗಾದೆ ಬೇರೆ. ಆದರೆ ದಾರಿಯಲ್ಲಿ ಜಾಲಿ ಮುಳ್ಳು ಬಿದ್ದಿದ್ದರೆ ನಮ್ಮೂರಲ್ಲಿ ಯಾರೂ ಬಟ್ಟೆಗೆ ಬುದ್ಧಿ ಹೇಳಲ್ಲ. ಮುಳ್ಳು ಎತ್ತಿ ಬೇಲಿಗೆ ಹಾಕುತ್ತಾರೆ.

ಆ ಹುಡುಗಿ ಇಳಿದು ಹೋದ ಮೇಲೆ ನಾನು ಪೂರ್ತಿ ಬದಲಾದೆ ಅಂತೇನೂ ಇಲ್ಲ. ಮೊದಲು ಮಾಡಿದ್ದು ದೊಡ್ಡ ರಂಪ. ಇನ್ನೊಂದು ದಿನ ಅಂಥದ್ದೇ ಕಂಡಾಗ ಬಸ್ಸು ನಿಲ್ಲಿಸಿ ಕೂಗಾಡಿದೆ. ಜನ ಆ ಮನುಷ್ಯನಿಗೆ ಹಿಗ್ಗಾಮುಗ್ಗಾ ಬಾರಿಸಿದರು. (ಬಾರಿಸಿದವರಲ್ಲಿ ಇಬ್ಬರು ಹೆಂಗಸರ ಸೀಟಿನಲ್ಲಿ ಕೂತು, ಎಬ್ಬಿಸಿದರೂ ಏಳದ ಗಿರಾಕಿಗಳು.) ಗಲಾಟೆ ಮುಗಿದ ಮೇಲೆ ನೋಡಿದರೆ ಆ ಹೆಣ್ಣುಮಗಳು ಮೂಲೆಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಾಳೆ. ಬಸ್ಸಿಗೆ ಬಸ್ಸೇ ಅವಳನ್ನು ನೋಡುತ್ತಿದೆ. ನಿನಗೇನಮ್ಮಾ ಬೇಕು ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಸರಿಯಾದ ದಾರಿ ತೋರಿಸಿದ್ದು ಹೂವಿನವಳು. ಒಂದು ದಿನ ಅವಳು ಸಂಕಟದಲ್ಲಿದ್ದ ಹುಡುಗಿಯನ್ನು ನೋಡಿ, "ಏ ಪುಟ್ಟಿ, ನಿಮ್ಮಮ್ಮ ಹೆಂಗವ್ಳೆ? ಬಾ ಇಲ್ಲಿ, ಈ ಬುಟ್ಟಿ ಹಿಡ್ಕೋ" ಅಂದಳು. ಆ ಹುಡುಗಿ ಯಾರೋ, ಅವಳ ಅಮ್ಮ ಯಾರೋ! ಬುಟ್ಟಿ ಹಿಡಿಯುವ ನೆಪದಲ್ಲಿ ಹುಡುಗಿ ಆ ಕಡೆ ಬಂದಳು. ಕೆಲಸ ಮುಗಿಯಿತು. ಆಮೇಲೆ ನಾನೂ ಅದನ್ನೇ ಕಲಿತೆ. "ಟಿಕೆಟ್ ಆಯ್ತೇನಮ್ಮಾ, ಮುಂದೆ ಬಾ" ಅಂತ ಕರೆಯುತ್ತಿದ್ದೆ. ಆ ಮನುಷ್ಯನ ಹತ್ತಿರ ಹೋಗಿ ಟಿಕೆಟ್ ತೋರಿಸಿ ಅಂತ ಮೂರು ಸಲ ಕೇಳುತ್ತಿದ್ದೆ, ಇಬ್ಬರ ನಡುವೆ ಹೋಗಿ ನಿಲ್ಲುತ್ತಿದ್ದೆ. ಹುಡುಗಿಯನ್ನು ಮೆಲ್ಲಗೆ ಕೇಳುತ್ತಿದ್ದೆ, ಏನು ಮಾಡೋಣ, ಇಳಿಸಲಾ, ಸ್ಟೇಷನ್ ಹತ್ತಿರ ನಿಲ್ಲಿಸಲಾ ಅಂತ. ಸ್ಟೇಷನ್ ಅಂದಾಕ್ಷಣ ಎಷ್ಟೋ ಜನ ಬೇಡ ಅಂದಿದ್ದಾರೆ. ಇಬ್ಬರು ಸರಿ ಅಂದರು. ಎರಡು ಸಲವೂ ಬಸ್ಸು ಸ್ಟೇಷನ್ ಮುಂದೆ ನಿಂತಿತು. ಲೇಟಾಯಿತು ಅಂತ ಬೈದವರೂ ಇದ್ದರು ಬಿಡಿ.

ಇದಕ್ಕೆ ನಾವು ಚುಡಾಯಿಸೋದು ಅಂತ ಹೆಸರಿಟ್ಟಿದ್ದೇವೆ. ಮಕ್ಕಳಾಟದ ಮಾತಿದ್ದ ಹಾಗಿದೆ. ಕಾನೂನಿಗೆ ಅದು ಆಟ ಅಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಲ್ಲ, ಅದರ 74ನೇ ಕಲಮಿನಲ್ಲಿ ಹೀಗೆ ಹೆಣ್ಣಿನ ಮೈಮೇಲೆ ಕೈ ಹಾಕಿದವನಿಗೆ ಕಡಿಮೆ ಅಂದರೂ 1 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು. ಬೇಡ ಅಂದರೂ ಹಿಂದೆ ಹಿಂದೆ ಸುತ್ತುವುದೂ, ಅವಳ ಫೋನಿನ ಮೇಲೆ ಕಣ್ಣಿಡುವುದೂ 78ನೇ ಕಲಮಿಗೆ ಬರುತ್ತದೆ. ಇನ್ನೊಂದು, ದೂರು ಯಾವ ಸ್ಟೇಷನ್ನಿನಲ್ಲಿ ಬೇಕಾದರೂ ಕೊಡಬಹುದು. ಇದು ನಮ್ಮ ಸರಹದ್ದು ಅಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಕೇಳುತ್ತಿದ್ದರೆ ಒಂದು ಮಾತು. 10 ಜನ ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ದೂರು ಕೇಳಲು ಒಂದು ಆಂತರಿಕ ಸಮಿತಿ ಇರಲೇಬೇಕು, ಸಾಮಾನ್ಯವಾಗಿ 3 ತಿಂಗಳೊಳಗೆ ದೂರು ಕೊಡಬೇಕು. ಮನೆಗೆಲಸದವರಿಗೆ, ಸಣ್ಣ ಅಂಗಡಿಯಲ್ಲಿರುವವರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇದೆ.

ಇಷ್ಟು ಹೊತ್ತು ಬಸ್ಸಿನ ಮಾತಾಯಿತು. ಬಸ್ಸಿನ ಮಾತು ಸುಲಭ. ಅಲ್ಲಿರುವವನು ಯಾರೋ ಬೇರೆಯವನು, ಬೈದರೆ ನಮಗೇನೂ ನಷ್ಟ ಇಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿವರ್ಷ ಲೆಕ್ಕ ಕೊಡುತ್ತದೆ. ದೂರು ದಾಖಲಾದ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ 95ರ ಆಸುಪಾಸು ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನೇ. ನೆಂಟ, ನೆರೆಯವನು, ಸ್ನೇಹಿತ, ಕೆಲಸ ಕೊಟ್ಟವನು. ಕತ್ತಲಾಗೋದರೊಳಗೆ ಮನೆಗೆ ಬಾ ಅಂತೀವಲ್ಲ, ಮನೆಯಲ್ಲಿ ಯಾರಿದ್ದಾರೆ ಅಂತ ನೋಡಿದ್ದೀವಾ?

ನನ್ನ ಮಗಳಿಂದ ಕಲಿತದ್ದು ಒಂದು ಹೇಳುತ್ತೇನೆ. ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಮನೆಗೆ ನೆಂಟರು ಬಂದಿದ್ದರು. ಮಗು ಅವರ ಹತ್ತಿರ ಹೋಗಲ್ಲ ಅಂತ ಹಟ. ನಾನು, "ಹೋಗು ಪುಟ್ಟಾ, ಮಾಮಂಗೆ ಮುತ್ತು ಕೊಡು, ಬೇಜಾರ್ ಮಾಡ್ಕೋತಾರೆ" ಅಂದೆ. ಮಗಳು ಎಲ್ಲರ ಎದುರಿಗೇ ಹೇಳಿದಳು, "ಅಪ್ಪಾ, ಅವಳು ಬೇಡ ಅಂದಳಲ್ಲ." ನೆಂಟರ ಮುಖ ಸಪ್ಪಗಾಯಿತು, ನನಗೂ ಸಿಟ್ಟು ಬಂತು. ರಾತ್ರಿ ಅವಳು ಕೇಳಿದಳು: ಇವತ್ತು ಅವಳ ಬೇಡ ಅನ್ನೋ ಮಾತಿಗೆ ಬೆಲೆ ಇಲ್ಲ ಅಂತ ನೀವೇ ಕಲಿಸಿದರೆ, ನಾಳೆ ಯಾರ ಹತ್ತಿರ ಹೋಗಿ ಬೇಡ ಅಂತಾಳೆ? ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳೇ ಹೇಳಿದ ಇನ್ನೊಂದು ಮಾತು. ಮಕ್ಕಳಿಗೆ ಕಣ್ಣು, ಮೂಗು, ಕಿವಿ ಎಲ್ಲದರ ಹೆಸರು ಹೇಳಿಕೊಡುತ್ತೇವೆ. ಆ ಒಂದು ಜಾಗಕ್ಕೆ ಮಾತ್ರ "ಶೇಮ್ ಶೇಮ್". ಮಗುವಿಗೆ ಆ ಜಾಗದ ಹೆಸರೇ ನಾಚಿಕೆ ಅಂತ ಆದಮೇಲೆ, ಅಲ್ಲಿ ಯಾರೋ ಮುಟ್ಟಿದರು ಅಂತ ಹೇಳಲು ಅದು ಯಾವ ಮಾತು ಹುಡುಕಬೇಕು? ಹುಡುಗರ ವಿಷಯವೂ ಇದೇ. ಕೇಂದ್ರ ಸರ್ಕಾರ 2007ರಲ್ಲಿ ಒಂದು ಅಧ್ಯಯನದ ವರದಿ ತಂದಿತ್ತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡುಮಕ್ಕಳು. ಗಂಡುಹುಡುಗನಿಗೆ ಏನಾಗುತ್ತೆ ಅಂತ ನಾವು ಕೇಳುವುದೂ ಇಲ್ಲ, ಅವನು ಹೇಳುವುದೂ ಇಲ್ಲ.

ಹೇಳಿದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು ಗೊತ್ತಲ್ಲ. "ಯಾರಿಗೂ ಹೇಳ್ಬೇಡ." ಮನೆ ಮರ್ಯಾದೆ ಅಂತೆ. ಮಾಡಿದವನದ್ದು ಹೋಗಬೇಕಾದ ಮರ್ಯಾದೆ ನಮ್ಮದು ಹೇಗೆ ಹೋಗುತ್ತೋ! ಆ ಮಾತಿನ ಬದಲು, ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ, ನಾನಿದ್ದೀನಿ ಅಂತ ಅನ್ನಬೇಕು. ಅಷ್ಟೇ ಸಾಕು, ಮೊದಲಿಗೆ. ಪದೇ ಪದೇ ಕೆದಕಿ ಕೇಳಬಾರದು. ಆಮೇಲೆ ಆಸ್ಪತ್ರೆ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕು, ಅದು ಕಾನೂನು. ಅಲ್ಲಿಯವರೆಗೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಹಾಗೇ ಇಟ್ಟರೆ ಸಾಕ್ಷಿ ಉಳಿಯುತ್ತದೆ. 18 ವರ್ಷದೊಳಗಿನ ಮಗುವಾದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಅಂತಲೇ 2012ರ ಪೋಕ್ಸೋ ಕಾಯ್ದೆ ಇದೆ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಮುಚ್ಚಿಟ್ಟ ದೊಡ್ಡವರಿಗೂ 6 ತಿಂಗಳವರೆಗೆ ಜೈಲಾಗಬಹುದು. ಮಗುವನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋಗಬೇಕೇ ಅಂತ ಹೆದರುವವರು ಇದ್ದಾರೆ. ಬೇಕಿಲ್ಲ. ಮನೆಯಲ್ಲೇ ಹೇಳಿಕೆ ಪಡೆಯಬಹುದು, ಬರುವ ಪೊಲೀಸರು ಯೂನಿಫಾರ್ಮ್ ಹಾಕಿರಬಾರದು. ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತು ಅಂದರೆ 112. ಊರ ಪಂಚಾಯಿತಿ ಕಟ್ಟೆಯಲ್ಲಿ ಕೂತು ದುಡ್ಡು ಕೊಡಿಸಿ ರಾಜಿ ಮಾಡಿಸುವ ಹಿರಿಯರಿದ್ದಾರಲ್ಲ, ಅತ್ಯಾಚಾರಕ್ಕೆ ಕಾನೂನಿನಲ್ಲಿ ರಾಜಿಯೇ ಇಲ್ಲ ಅಂತ ಅವರಿಗೆ ಯಾರಾದರೂ ಹೇಳಬೇಕು. ನಾನು ಹೇಳಿದ್ದೇನೆ, ಒಬ್ಬರು ಈಗಲೂ ನನ್ನ ಜೊತೆ ಮಾತಾಡಲ್ಲ.

ಹೋದ ವರ್ಷ ನಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಇತ್ತು. ಮೊಮ್ಮಗಳ ಜೊತೆ ನಾನೂ ಹೋಗಿದ್ದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಮೂರು ವಿಷಯ ಹೇಳಿದಳು. ಶಾಲೆಯ ಟಾಯ್ಲೆಟ್ಟಿನ ಚಿಲಕ ಮುರಿದಿದೆ. ಬಸ್‌ಸ್ಟಾಪಿನ ದೀಪ ಉರಿಯಲ್ಲ. ಮೋರಿ ಕಟ್ಟೆ ಮೇಲೆ ಕೂರುವ ಅಣ್ಣಂದಿರು ಏನೇನೋ ಅಂತಾರೆ. ದೊಡ್ಡವರ ಸಭೆಯಲ್ಲಿ ನಾವು ಯಾವತ್ತೂ ಈ ಮೂರನ್ನು ಎತ್ತಿಲ್ಲ. ಚಿಲಕ ಒಂದು ವಾರಕ್ಕೆ ಬಂತು. ದೀಪಕ್ಕೆ ಎರಡು ತಿಂಗಳು ಹಿಡಿಯಿತು. ಅಣ್ಣಂದಿರ ವಿಷಯ ಮಾತ್ರ ಯಾರೂ ಬರೆದುಕೊಳ್ಳಲಿಲ್ಲ.

ಆ ಅಣ್ಣಂದಿರಲ್ಲಿ ಒಬ್ಬ ನನ್ನ ತಮ್ಮನ ಮಗ. ಈಗ ಸಂಜೆ ಆರೂವರೆ ಬಸ್ಸಿನ ಹೊತ್ತಿಗೆ ನಾವು ಮೂವರು ಮುದುಕರು ಹೋಗಿ ಅದೇ ಕಟ್ಟೆ ಮೇಲೆ ಕೂರುತ್ತೇವೆ. "ಹುಡುಗೀರಿಗೆ ಕಾವಲಾ ಅಪ್ಪಾ?" ಅಂತ ಮಗಳು ಕೇಳಿದಳು. ಅಲ್ಲ, ಹುಡುಗರಿಗೆ ಅಂದೆ. ಮೊದಲ ದಿನ ತಮ್ಮನ ಮಗ, "ದೊಡ್ಡಪ್ಪಾ, ಸುಮ್ನೆ ತಮಾಷೆಗೆ ಅಂತೀವಿ" ಅಂದ. ತಮಾಷೆ ಆದರೆ ಅವರೂ ನಗಬೇಕಿತ್ತಲ್ಲೋ ಅಂದೆ. ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದು ಕಟ್ಟೆಯ ಆ ತುದಿಯಲ್ಲಿ ಕೂತ, ಫೋನು ನೋಡುತ್ತಾ.

ಮೊನ್ನೆ ಆರೂವರೆ ಬಸ್ಸಿನಿಂದ ಏಳು ಹುಡುಗಿಯರು ಇಳಿದರು. ಕಂಡಕ್ಟರ್ ಹೊಸ ಹುಡುಗಿ, ಸೀಟಿ ಜೋರಾಗಿ ಊದುತ್ತಾಳೆ. ಇಳಿದವರಲ್ಲಿ ಒಬ್ಬಳು ಫೋನಿನಲ್ಲಿ ಯಾರ ಜೊತೆಯೋ ಜೋರಾಗಿ ನಗುತ್ತಾ, ನಮ್ಮ ಕಡೆ ತಿರುಗಿಯೂ ನೋಡದೆ, ದೀಪದ ಕೆಳಗೆ ಹಾದು ಮನೆ ಕಡೆಗೆ ನಡೆದಳು.

ನಮಸ್ಕಾರ.